ತುಂಗಭದ್ರೆಯ ಗಡ್ಡೆಗಳಲ್ಲಿ ನೀರುನಾಯಿ: ಹರಿಗೋಲು ಏರುವ ಮುನ್ನ

ಕೊಪ್ಪಳ: ಕುಷ್ಟಗಿ, ಯಲಬುರ್ಗಾ ಕಡೆಯ ಬಿರುಬಿಸಿಲಿನ ಹೊಲಗಳನ್ನು ಕಂಡವರಿಗೆ ಈ ಜಿಲ್ಲೆಯಲ್ಲಿ ದ್ವೀಪವಿಹಾರ ಎಂಬ ಮಾತೇ ವಿಚಿತ್ರವೆನಿಸೀತು. ಆದರೆ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಗಂಗಾವತಿ ತಾಲ್ಲೂಕಿನ ಆನೆಗೊಂದಿ ಸುತ್ತಮುತ್ತ, ತುಂಗಭದ್ರಾ ನದಿಯು ಹೆಬ್ಬಂಡೆಗಳ ನಡುವೆ ಕವಲೊಡೆದು ಹರಿಯುತ್ತದೆ. ಕವಲುಗಳ ನಡುವೆ ಉಳಿದ ನೆಲವೇ ಸ್ಥಳೀಯರ ಬಾಯಲ್ಲಿ ಗಡ್ಡೆ. ಅಲ್ಲಿನ ಬಂಡೆಯ ಸಂದುಗಳಲ್ಲಿ, ಜೊಂಡಿನ ಮರೆಯಲ್ಲಿ ನೀರುನಾಯಿಗಳು ಸಂಸಾರ ಹೂಡಿವೆ.

ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು ರಾಜ್ಯ ಸರ್ಕಾರ 2015ರಲ್ಲಿ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲಾದ ಪ್ರದೇಶ ದೇಶದಲ್ಲಿ ಇದೇ ಮೊದಲನೆಯದು. ಹಂಪಿ ನೋಡಲು ಬರುವ ಬಹುಪಾಲು ಪ್ರವಾಸಿಗರಿಗೆ ಈ ಸಂಗತಿಯ ಅರಿವಿಲ್ಲ.

ಇಲ್ಲಿರುವುದು ನುಣುಪು ತುಪ್ಪಳದ ಜಾತಿ. ಗುಂಪುಗೂಡಿ ಬದುಕುವ ಈ ಪ್ರಾಣಿಗೆ ಮೀನೇ ಮುಖ್ಯ ಆಹಾರ. ಹಲವು ನೀರುನಾಯಿಗಳು ಸೇರಿ ಮೀನಿನ ಹಿಂಡನ್ನು ಸುತ್ತುವರಿದು ಬೇಟೆಯಾಡುವುದುಂಟು. ಬಂಡೆಯ ಮೇಲೆ ಹೊರಳಾಡುತ್ತ, ಸಿಳ್ಳೆಯಂಥ ದನಿಯಲ್ಲಿ ಪರಸ್ಪರ ಕರೆಯುತ್ತ ಅವು ಆಡುವುದನ್ನು ಕಂಡವರು ಸಾಕುಪ್ರಾಣಿಯೆಂದೇ ಭ್ರಮಿಸುತ್ತಾರೆ. ಅದು ಭ್ರಮೆ ಮಾತ್ರ. ಮೀನಿನ ಮುಳ್ಳು ಕಡಿಯುವ ಹಲ್ಲು ಮನುಷ್ಯನ ಬೆರಳನ್ನೂ ಕಡಿಯಬಲ್ಲದು. ಅಂತರರಾಷ್ಟ್ರೀಯ ವ್ಯಾಪಾರದಿಂದ ಈ ಜಾತಿಯನ್ನು ರಕ್ಷಿಸಲು 2019ರಲ್ಲಿ ಸೈಟಿಸ್ ಒಪ್ಪಂದದ ಒಂದನೇ ಅನುಬಂಧಕ್ಕೆ ಸೇರಿಸಲಾಯಿತು. ಅದನ್ನು ಮುದ್ದಿನ ಪ್ರಾಣಿಯಾಗಿ ಸಾಕುವ ಗೀಳೂ ಇದಕ್ಕೆ ಒಂದು ಕಾರಣ.

ಹರಿಗೋಲಿನ ಇತಿಹಾಸ ಇನ್ನೂ ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿನ ಜನ ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ನದಿ ದಾಟುವುದನ್ನೂ, ಅವು ನೇರವಾಗಿ ಸಾಗದೆ ಸದಾ ಸುತ್ತುವುದನ್ನೂ ದಾಖಲಿಸಿದ್ದಾನೆ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಸುತ್ತುವುದು ಮಾತ್ರ ಪ್ರವಾಸಿಗರ ಮೋಜಿನ ಆಟವಾಗಿದೆ. ನೀರುನಾಯಿ ನೋಡಬೇಕೆನ್ನುವವರು ಈ ಆಟ ಬೇಡವೆಂದು ಅಂಬಿಗರಿಗೆ ಮೊದಲೇ ತಿಳಿಸುವುದು ಒಳಿತು. ಗದ್ದಲ ಕೇಳಿದ ಪ್ರಾಣಿ ಮುಳುಗಿದರೆ ಮತ್ತೆ ಏಳುವುದು ಬಲು ದೂರದಲ್ಲಿ.

ಪ್ರವಾಸದ ದಿನವನ್ನು ನಿಜವಾಗಿ ನಿಗದಿ ಮಾಡುವುದು ತುಂಗಭದ್ರಾ ಜಲಾಶಯ. ಮಳೆಗಾಲದಲ್ಲಿ ಅಣೆಕಟ್ಟೆಯ ಗೇಟುಗಳಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ, ಒಂಬತ್ತು ಯತಿಗಳ ವೃಂದಾವನವಿರುವ ನವವೃಂದಾವನ ಗಡ್ಡೆಯ ಸಂಪರ್ಕ ಕಡಿದುಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನದಿ ಎಷ್ಟು ಬೇಗ ಉಬ್ಬಬಲ್ಲದೆಂಬುದನ್ನು ಇಡೀ ನದಿತೀರ ಕಂಡಿತು. ಆದ್ದರಿಂದ ಹೊರಡುವ ದಿನ ಬೆಳಿಗ್ಗೆ ನದಿಗೆ ಬಿಟ್ಟಿರುವ ನೀರಿನ ಪ್ರಮಾಣವನ್ನು ವಿಚಾರಿಸಿಯೇ ಹೆಜ್ಜೆ ಇಡಬೇಕು. ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಅನುಕೂಲಕರ.

ಇಲ್ಲಿಯೇ ತೊಡಕು. ನೀರುನಾಯಿಗಳು ಮರಿ ಸಾಕುವುದೂ ಸಾಮಾನ್ಯವಾಗಿ ಈ ಚಳಿಗಾಲದಲ್ಲಿಯೇ. ಬಿಲದ ಬಳಿ ಹರಿಗೋಲು ಮೇಲಿಂದ ಮೇಲೆ ಸುಳಿದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆ ಜಾಗ ಹುಡುಕಬೇಕಾಗುತ್ತದೆ. ಹೀಗಾಗಿ ಮುಂಜಾನೆ ಅಥವಾ ಇಳಿಹೊತ್ತಿನಲ್ಲಿ, ದಡದ ಎತ್ತರದ ಬಂಡೆಯ ಮೇಲೆ ದುರ್ಬೀನು ಹಿಡಿದು ಕೂರುವುದೇ ಹೆಚ್ಚು ಫಲಕಾರಿ. ಮೀನಿನ ಹುರುಪೆ ತುಂಬಿದ ಹಿಕ್ಕೆ ಬಂಡೆಯ ಮೇಲೆ ಕಂಡರೆ ಅದು ಅವುಗಳ ಓಡಾಟದ ಗುರುತು. ಯಾವ ಭಾಗಕ್ಕೆ ಹೋಗಬಹುದು ಎಂಬುದನ್ನು ಅರಣ್ಯ ಇಲಾಖೆಯ ಗಂಗಾವತಿ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಇದೇ ನೀರಿನಲ್ಲಿ ಮೊಸಳೆಗಳೂ ಇವೆ, ಬಂಡೆಗಳಡಿ ಸುಳಿಗಳೂ ಇವೆ. 2025ರ ಫೆಬ್ರುವರಿಯಲ್ಲಿ ಸಣಾಪುರದ ಬಳಿ ಬಂಡೆಯಿಂದ ನದಿಗೆ ಜಿಗಿದ ಪ್ರವಾಸಿಯೊಬ್ಬರು ನೀರುಪಾಲಾದರು. ಲೈಫ್ ಜಾಕೆಟ್ ಕೊಡದ ಹರಿಗೋಲನ್ನು ಏರಬಾರದು, ಈಜಲು ಇಳಿಯಲೇಬಾರದು. ಸಮೀಪದ ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರು ಮಂಗಗಳಿಗೆ ಬಾಳೆಹಣ್ಣು ಹಿಡಿಯುವ ಅಭ್ಯಾಸವನ್ನು ನದಿಯವರೆಗೆ ತರಬಾರದು. ತಿನಿಸಿಗೆ ಒಗ್ಗಿದ ಮಂಗ ಚೀಲ ಕಸಿಯುವುದನ್ನು ಅಲ್ಲಿಯೇ ನೋಡಬಹುದು.

ಕುಷ್ಟಗಿಯಿಂದ ಬರುವವರಿಗೆ ತಾವರಗೇರಾ, ಕನಕಗಿರಿ ಮೂಲಕ ಗಂಗಾವತಿ ತಲುಪುವ ದಾರಿಯಿದೆ. ಯಲಬುರ್ಗಾದವರು ಕೊಪ್ಪಳಕ್ಕೆ ಬಂದು ಮುಂದುವರಿಯಬಹುದು. ಗಂಗಾವತಿಯಿಂದ ಆನೆಗೊಂದಿಗೆ ಸುಮಾರು 12 ಕಿ.ಮೀ. ಬೆಂಗಳೂರು ಕಡೆಯವರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಬಂದರೆ ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ಮೇಲೆ ನದಿ ದಾಟಬಹುದಾಗಿದೆ. ವಿರೂಪಾಪುರ ಗಡ್ಡೆಯಲ್ಲಿ ತಂಗುವ ಹಳೆಯ ಸಲಹೆಗಳನ್ನು ನಂಬಿ ಬರುವುದು ಬೇಡ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ಅನಧಿಕೃತ ರೆಸಾರ್ಟ್‌ಗಳನ್ನು 2020ರ ಮಾರ್ಚ್‌ನಲ್ಲಿ ತೆರವುಗೊಳಿಸಲಾಯಿತು.

ಬಲೆ ಹರಿಯುವ ನೀರುನಾಯಿಯ ಮೇಲೆ ಮೀನುಗಾರರಿಗೆ ಸಿಟ್ಟಿರುವುದು ಸಹಜ. ಅದಕ್ಕಿಂತ ದೊಡ್ಡ ಅಪಾಯ ಸಿಡಿಮದ್ದು ಎಸೆದು ಮೀನು ಹಿಡಿಯುವ ಅಕ್ರಮ ಪದ್ಧತಿಯದು. ಒಂದು ಸ್ಫೋಟಕ್ಕೆ ಮರಿಮೀನಿನ ಸಂತತಿಯೇ ನಾಶವಾಗುತ್ತದೆ, ಬಲೆಯವನಿಗೂ ನೀರುನಾಯಿಗೂ ಉಪವಾಸ. ಅಂಥ ಸದ್ದು ಕೇಳಿಬಂದರೆ ಪ್ರವಾಸಿಗರೂ ಅರಣ್ಯ ಇಲಾಖೆಗೆ ತಿಳಿಸಬಹುದಾಗಿದೆ.