ಸ್ಪುಟ್ನಿಕ್

ರಷ್ಯನ್ ಭಾಷೆಯಲ್ಲಿ ‘ಪುತ್’ ಎಂದರೆ ದಾರಿ. ನಮ್ಮಲ್ಲಿ ಬಳಕೆಯಲ್ಲಿರುವ ಸಂಸ್ಕೃತದ ‘ಪಥ’ಕ್ಕೆ ದೂರದ ದಾಯಾದಿ. ‘ಸ್’ ಅಂದರೆ ಜೊತೆ, ‘ನಿಕ್’ ಅಂದರೆ ‘-ಗಾರ’. ಸೇರಿದರೆ ಸ್ಪುಟ್ನಿಕ್, ದಾರಿಯ ಜೊತೆಗಾರ. ಉಪಗ್ರಹಕ್ಕೂ ಅಲ್ಲಿ ಅದೇ ಪದ.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಹಾರಿಬಿಟ್ಟ ಸ್ಪುಟ್ನಿಕ್ ಎಂಬ ಉಪಗ್ರಹ, 83.6 ಕಿಲೋ ತೂಕದ ಲೋಹದ ಗುಂಡು, ಬೀಪ್ ಬೀಪ್ ಎನ್ನುತ್ತ ನೆತ್ತಿಯ ಮೇಲೆ ಸುತ್ತತೊಡಗಿದಾಗ ಅಮೆರಿಕನ್ನರಿಗೆ ಈ ಜೊತೆಗಾರನೇ ದಿಗಿಲಾದ. ಡಿಸೆಂಬರ್ 6ರಂದು ಉಪಗ್ರಹ ಹೊತ್ತ ಅವರ ವ್ಯಾನ್‌ಗಾರ್ಡ್ ರಾಕೆಟ್ ಸುಮಾರು 4 ಅಡಿ ಏರಿ, ಕುಸಿದು ಹೊತ್ತಿಕೊಂಡಿತು. ಅಲ್ಲಿನ ಪತ್ರಿಕೆಗಳೇ ಅದನ್ನು ‘ಫ್ಲಾಪ್‌ನಿಕ್’, ‘ಕಪುಟ್‌ನಿಕ್’ (ಕಪುಟ್ ಎಂದರೆ ಕೆಟ್ಟುಹೋದದ್ದು) ಎಂದು ಆಡಿಕೊಂಡವು. ತಮ್ಮವರನ್ನು ಬೈಯಲೂ ಎದುರಾಳಿಯ ಪ್ರತ್ಯಯವನ್ನೇ ಕಡ ತರಬೇಕಾಯಿತು ನೋಡಿ!

ಸ್ಪುಟ್ನಿಕ್ ಹೆಸರಿನ ಗತ್ತು ಇನ್ನೂ ಇಳಿದಿಲ್ಲ: 2020ರಲ್ಲಿ ರಷ್ಯಾ ತನ್ನ ಕೋವಿಡ್ ಲಸಿಕೆಗೂ ಇದೇ ಹೆಸರಿಟ್ಟಿತು.