ಅಂಜದೀವಕ್ಕೆ ಬಂದವರು

ಹೊಸ ಊರಿನಲ್ಲಿ ಬಿಡಾರ ಹೂಡಿದವನು ಎಲ್ಲಕ್ಕಿಂತ ಮೊದಲು ನೀರನ್ನು ವಿಚಾರಿಸುತ್ತಾನೆ. ವೈಟ್‌ಫೀಲ್ಡಿನಲ್ಲಿಯೋ, ಪೀಣ್ಯದಲ್ಲಿಯೋ, ಎಲೆಕ್ಟ್ರಾನಿಕ್ ಸಿಟಿಯ ಆಚೆಯ ಬಡಾವಣೆಗಳಲ್ಲಿಯೋ ಇತ್ತೀಚೆಗೆ ಮನೆಮಾಡಿಕೊಂಡಿರುವ ಶ್ರೋತೃಗಳಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ. ಯಾವ ಕೊಳವೆಬಾವಿಯ ನೀರು ಸಿಹಿ, ಯಾವುದರದು ಗಡಸು, ಟ್ಯಾಂಕರಿನವನು ಯಾರು, ಅವನು ನಂಬಿಕಸ್ಥನೇ ಎಂಬುದನ್ನು ಯಾವ ನಕ್ಷೆಯೂ ತಿಳಿಸದು. ಅಲ್ಲಿ ಮೊದಲಿನಿಂದ ಇದ್ದವರು ತಿಳಿಸಬೇಕು. ಊರು ಎಷ್ಟು ದೊಡ್ಡದಾದರೂ ಹೊಸಬನ ಮೊದಲ ಸಾಲ ಇದೇ; ಆದರೆ ಸಾಲ ಕೊಟ್ಟವನ ಹೆಸರನ್ನು ಬರೆದಿಟ್ಟುಕೊಳ್ಳುವವರು ವಿರಳ.

ಇಂದಿನ ನನ್ನ ವಿಷಯ ಒಂದು ಸಣ್ಣ ದ್ವೀಪ. ಅದರ ಹೆಸರು ಅಂಜದೀವ. ಅಂಜದೀಪ ಎನ್ನುವವರೂ ಉಂಟು. ಕಾರವಾರದ ದಕ್ಷಿಣಕ್ಕೆ, ಬಿಣಗಾ ಗ್ರಾಮದ ಎದುರಿಗೆ, ಕಡಲಿನಲ್ಲಿ ಒಂದು ಮೈಲಿಯಷ್ಟು ಉದ್ದಕ್ಕೆ ಮಲಗಿರುವ ಕಲ್ಲುಗುಡ್ಡ ಅದು. ಆಡಳಿತದ ಲೆಕ್ಕದಲ್ಲಿ ಗೋವೆಗೆ ಸೇರಿದ್ದರೂ ಕಣ್ಣಿನ ಲೆಕ್ಕದಲ್ಲಿ ಅದು ಕಾರವಾರದ ದ್ವೀಪವೇ. ಅಲ್ಲಿದ್ದ ಆರ್ಯಾದುರ್ಗಾ ದೇವಿಯನ್ನು ಹಿಂದೊಮ್ಮೆ ಅಂಕೋಲೆಗೆ ತಂದು ಪ್ರತಿಷ್ಠಿಸಿದರೆಂಬ ಪ್ರತೀತಿ ಆ ಸೀಮೆಯಲ್ಲಿದೆ. ಇಷ್ಟು ಚಿಕ್ಕ ನೆಲಕ್ಕೆ ಅರಬರೂ, ಪೋರ್ಚುಗೀಸರೂ, ಇಂಗ್ಲಿಷರೂ ಸರದಿಯಂತೆ ಬಂದು ಹೋದರು. ಬಂದವರಲ್ಲಿ ಯಾರು ಕ್ಷೇಮವಾಗಿ ಹಿಂದಿರುಗಿದರು, ಯಾರು ಕೆಟ್ಟರು ಎಂಬುದನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಮನಸ್ಸಿಗೆ ನಾಟುವ ಒಂದು ಸಂಗತಿ ಹೊರಪಡುತ್ತದೆ.

ಮೊದಲು ಬಂದವನ ಮಾತು. ಮೊರಾಕೊ ದೇಶದ ಇಬ್ನ್ ಬತೂತನು ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀಣಾ ದೇಶಕ್ಕೆ ಹೊರಟು, 1342ರಲ್ಲಿ ಖಂಭಾತದ ಕಡೆಯಿಂದ ನಮ್ಮ ಪಶ್ಚಿಮ ಕರಾವಳಿಯನ್ನು ಹಿಡಿದು ಬಂದನು. ಗೋವೆಯನ್ನು ದಾಟಿದ ಮೇಲೆ, ಹೊನ್ನಾವರವನ್ನು ಸೇರುವ ಮುನ್ನ, ದಡಕ್ಕೆ ಸಮೀಪವಾದ ಒಂದು ಸಣ್ಣ ದ್ವೀಪದಲ್ಲಿ ಅವನ ಹಡಗು ಲಂಗರು ಹಾಕಿತು. ಅದು ಅಂಜದೀವವೇ ಎಂಬುದು ಬಹುಮಂದಿ ವಿದ್ವಾಂಸರ ಮತ. ಅಲ್ಲಿ ಒಂದು ದೇವಾಲಯ, ಒಂದು ತೋಟ, ಒಂದು ನೀರಿನ ಕೊಳ ಇದ್ದುವು; ದೇವಾಲಯದ ಗೋಡೆಗೆ ಒರಗಿ ಒಬ್ಬ ಜೋಗಿ ಕುಳಿತಿದ್ದನು. ಅವನು ಮಾತನಾಡಲಿಲ್ಲ. ಒಮ್ಮೆ ಕೂಗಿದನಂತೆ, ಎದುರಿನ ಮರದಿಂದ ತೆಂಗಿನಕಾಯಿಯೊಂದು ಬಿದ್ದಿತಂತೆ. ಅದನ್ನು ಅತಿಥಿಗಳ ಕೈಗಿತ್ತನಂತೆ. ಹಣ ಕೊಡಹೋದರೆ ಮುಟ್ಟಲಿಲ್ಲ. ಇಬ್ನ್ ಬತೂತನು ತನ್ನ ಕೈಯಲ್ಲಿದ್ದ ಜಪಸರವನ್ನು ಕೊಟ್ಟನು; ಜೋಗಿ ಅದನ್ನು ಮೂಸಿ ಮುತ್ತಿಟ್ಟು ಆಕಾಶದತ್ತ ಕೈತೋರಿಸಿದನು. ಹೊರಡುವಾಗ ಪ್ರವಾಸಿಯ ಅಂಗಿಯ ಸೆರಗನ್ನೆಳೆದು ಅವನ ಕೈಗೇ ಹತ್ತು ದಿನಾರುಗಳನ್ನು ಹಾಕಿದನು. ಈತನು ನಮ್ಮ ಮತದವನೇ, ಊರವರಿಗೆ ಹೆದರಿ ಮರೆಸಿಕೊಂಡಿದ್ದಾನೆ ಎಂದು ಇಬ್ನ್ ಬತೂತನು ತೀರ್ಮಾನಿಸಿದನು. ಜೋಗಿಯ ಅಭಿಪ್ರಾಯವೇನಿತ್ತೋ, ಅದು ಅವನೊಂದಿಗೇ ಹೋಯಿತು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಕೊಡುವುದು ಕೊಳ್ಳುವುದು ನಡೆಯಿತು; ಬಂದವರು ಸುಖವಾಗಿ ಮುಂದಕ್ಕೆ ಹೋದರು.

ಇದಾದ ನೂರೈವತ್ತಾರು ವರ್ಷಗಳ ಮೇಲೆ ವಾಸ್ಕೋ ಡ ಗಾಮನು ಬಂದನು. ನಮ್ಮ ಶಾಲೆಯ ಪುಸ್ತಕಗಳು ಅವನನ್ನು 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿ ಇಳಿಸಿ ಅಲ್ಲಿಗೇ ಬಿಟ್ಟುಬಿಡುತ್ತವೆ. ಅವನು ಹಿಂದಿರುಗಿದ ಕಥೆಯ ಒಂದು ಅಧ್ಯಾಯ ನಮ್ಮ ಕನ್ನಡ ಕರಾವಳಿಯಲ್ಲಿಯೇ ನಡೆಯಿತು. ಕಲ್ಲಿಕೋಟೆಯ ಸಾಮೂದಿರಿಯೊಡನೆ ಮನಸ್ತಾಪವಾಗಿ ಆಗಸ್ಟ್ ಕೊನೆಯಲ್ಲಿ ಹೊರಟ ಅವನ ಹಡಗುಗಳು, ಮಲ್ಪೆಯ ಎದುರಿನ ನಡುಗಡ್ಡೆಯೊಂದರಲ್ಲಿ ಕಲ್ಲಿನ ಕಂಬ ನೆಟ್ಟು, ಸೆಪ್ಟೆಂಬರ್ 20ರಂದು ಕಾರವಾರದ ಸಮೀಪಕ್ಕೆ ಬಂದುವು. ಆಗ ಹಡಗಿನವರಿಗೆ ಬೇಕಾಗಿದ್ದುದು ಮೆಣಸೂ ಅಲ್ಲ, ರಾಜ್ಯವೂ ಅಲ್ಲ. ಕುಡಿಯುವ ನೀರು ಮತ್ತು ಸೌದೆ.

ಆ ಯಾನದಲ್ಲಿದ್ದ ಒಬ್ಬನು ಬರೆದಿಟ್ಟ ದಿನಚರಿ ಉಳಿದು ಬಂದಿದೆ. ದೋಣಿಯಲ್ಲಿ ದಡಕ್ಕೆ ಹೋದವರಿಗೆ ಒಬ್ಬ ತರುಣನು ಎದುರಾದನೆಂದೂ, ಅವನೇ ಜೊತೆಗೂಡಿ ಬಂದು ಎರಡು ಗುಡ್ಡಗಳ ನಡುವಣ ನೀರಿನ ಎಡೆಯನ್ನು ತೋರಿಸಿದನೆಂದೂ ಅದರಲ್ಲಿ ಹೇಳಿದೆ. ಗಾಮನು ಅವನಿಗೆ ಒಂದು ಟೊಪ್ಪಿಗೆಯನ್ನು ಕೊಟ್ಟು, ನೀನು ಮೂರನೋ ಕ್ರೈಸ್ತನೋ ಎಂದು ಕೇಳಿಸಿದನು. ಕ್ರೈಸ್ತನೆಂದು ಅವನು ಉತ್ತರ ಕೊಟ್ಟನಂತೆ. ಮುಸಲ್ಮಾನರಲ್ಲದವರೆಲ್ಲ ಕ್ರೈಸ್ತರೇ ಎಂದು ನಂಬಿ, ಕಲ್ಲಿಕೋಟೆಯ ದೇವಾಲಯವನ್ನೇ ಇಗರ್ಜಿಯೆಂದು ತಿಳಿದು ಕೈಮುಗಿದು ಬಂದಿದ್ದವರು ಅವರು. ಹುಡುಗನಿಗೆ ಪ್ರಶ್ನೆ ಎಷ್ಟು ತಿಳಿಯಿತೋ, ಇವರಿಗೆ ಉತ್ತರ ಎಷ್ಟು ತಿಳಿಯಿತೋ! ನೀರು ಮಾತ್ರ ಇಬ್ಬರಿಗೂ ತಿಳಿಯಿತು.

ಮರುದಿನಗಳಲ್ಲಿ ಪರಿಚಯ ಬೆಳೆಯಿತು. ದಡದ ಜನ ಕೋಳಿ, ಹಸುವಿನ ಹಾಲು, ಸೋರೆಕುಂಬಳಗಳನ್ನು ತಂದುಕೊಟ್ಟರು. ಕಾಡಿನಲ್ಲಿ ದಾಲ್ಚಿನ್ನಿ ಬೆಳೆಯುವುದನ್ನು ತಿಳಿಸಿ ಅದರ ರೆಂಬೆಗಳನ್ನೇ ಮುರಿದು ತಂದು ತೋರಿಸಿದರು. ಅನಂತರ ಹಡಗುಗಳು ಅಂಜದೀವಕ್ಕೆ ಸರಿದುವು. ಅಲ್ಲಿ ಹಡಗನ್ನು ದಡಕ್ಕೆಳೆದು ಮಗ್ಗುಲಾಗಿ ಮಲಗಿಸಿ, ತಳಕ್ಕೆ ಹತ್ತಿದ ಪಾಚಿ ಚಿಪ್ಪುಗಳನ್ನು ಕೆರೆದು, ಸೀಳುಗಳನ್ನು ಮುಚ್ಚುವ ಕೆಲಸ ನಡೆಯಿತು. ದ್ವೀಪದಲ್ಲಿ ಪಾಳುಬಿದ್ದ ಕಲ್ಲುಕಟ್ಟಡವೊಂದಿತ್ತು. ಅದರಲ್ಲಿ ಹುಲ್ಲು ಹೊದಿಸಿದ ಒಂದು ಗುಡಿ, ಗುಡಿಯಲ್ಲಿ ಜನ ಪೂಜಿಸುತ್ತಿದ್ದ ಮೂರು ಕಪ್ಪು ಕಲ್ಲುಗಳು. ಪಕ್ಕದಲ್ಲಿ ಕಲ್ಲು ಕಟ್ಟಿದ ಕೊಳ. ಗುಡ್ಡದ ನೆತ್ತಿಯಲ್ಲಿ ಇನ್ನೊಂದು ದೊಡ್ಡ ಕೊಳ. ಇಬ್ನ್ ಬತೂತನ ಕಾಲದ ದೇವಾಲಯ ಬಿದ್ದಿದ್ದರೂ ನೀರು ಇದ್ದೇ ಇತ್ತು. ಎಂದೋ ಯಾರೋ ದಾರಿಹೋಕರಿಗಾಗಿ ಕಟ್ಟಿಸಿದ ಕೊಳದಿಂದ ಯೂರೋಪಿನ ಹಡಗುಗಳು ಪೀಪಾಯಿ ತುಂಬಿಕೊಂಡುವು.

ಇಲ್ಲಿಯೇ ಒಂದು ವಿಚಿತ್ರ ಪ್ರಸಂಗ ನಡೆಯಿತು. ನಲವತ್ತರ ವಯಸ್ಸಿನ ಒಬ್ಬ ಮನುಷ್ಯನು ನಾರುಬಟ್ಟೆ ಉಟ್ಟು, ಸೊಂಟಕ್ಕೆ ಕತ್ತಿ ಕಟ್ಟಿ, ವೆನಿಸ್ಸಿನ ಭಾಷೆಯನ್ನಾಡುತ್ತ ಬಂದು ನಾವಿಕರನ್ನು ಅಪ್ಪಿಕೊಂಡನು. ತಾನು ಗೋವೆಯ ಅಧಿಪತಿಯ ಸೇವೆಯಲ್ಲಿರುವುದಾಗಿ ಹೇಳಿದನು. ಗಾಮನ ಅಣ್ಣನು ಉಪಾಯವಾಗಿ ಅವನ ಜೊತೆಗೆ ಬಂದಿದ್ದ ಸ್ಥಳೀಯರನ್ನು ವಿಚಾರಿಸಲು, ಇವನು ನಿಮ್ಮನ್ನು ಹಿಡಿಯಲು ಬಂದವನೆಂದು ಅವರು ತಿಳಿಸಿಬಿಟ್ಟರು. ಅವನನ್ನು ಕಟ್ಟಿ ಹೊಡೆದು ನಿಜ ಹೇಳಿಸಿದರು. ಹುಟ್ಟಿನಿಂದ ಯೆಹೂದ್ಯನಾದ ಆತನನ್ನು ಲಿಸ್ಬನ್ನಿಗೆ ಕೊಂಡೊಯ್ದು ಕ್ರೈಸ್ತನನ್ನಾಗಿ ಮಾಡಿ ಗಾಸ್ಪರ್ ಡ ಗಾಮ ಎಂದು ಹೆಸರಿಟ್ಟರು. 1500ರಲ್ಲಿ ಕಬ್ರಾಲನ ಯಾನದಲ್ಲಿ ದುಭಾಷಿಯಾಗಿ ಅವನು ಬ್ರೆಜಿಲಿನ ದಡವನ್ನೂ ಕಂಡು ಮತ್ತೆ ಹಿಂದೂದೇಶಕ್ಕೆ ಬಂದನು. ಅಂತು ನೀರನ್ನು ತೋರಿಸಿದ ದಡವೇ ಅಪಾಯವನ್ನೂ ತೋರಿಸಿಕೊಟ್ಟಿತು.

ಇಷ್ಟು ಉಪಕಾರ ಪಡೆದವರು ಕೊನೆಗೆ ಮಾಡಿದ್ದೇನು? ಹಿಡಿದಿದ್ದ ಒಂದು ಹಡಗನ್ನು, ಹಣ ಕೊಟ್ಟು ಬಿಡಿಸಿಕೊಳ್ಳುತ್ತೇವೆಂದು ಬಂದವರಿಗೂ ಕೊಡದೆ, ಸುಟ್ಟುಹಾಕಿ ಅಕ್ಟೋಬರ್ 5ರಂದು ಹೊರಟುಬಿಟ್ಟರು. ನಮ್ಮ ಕಡಲಿನಲ್ಲಿ ಈಶಾನ್ಯದ ಗಾಳಿ ನೆಲೆಗೊಂಡ ಮೇಲೆ ಪಡುವಣಕ್ಕೆ ಹಾಯಿ ಬಿಚ್ಚುವುದು ತಲೆಮಾರುಗಳಿಂದ ಬಂದ ಪದ್ಧತಿ. ಅಕ್ಟೋಬರಿನ ಮೊದಲಲ್ಲಿ ಆ ಗಾಳಿ ನೆಲೆಗೊಂಡಿರುವುದಿಲ್ಲ. ಬರುವಾಗ ಆಫ್ರಿಕದ ಮಲಿಂದಿಯಿಂದ ಈ ಸಮುದ್ರವನ್ನು ಬಲ್ಲ ಮಾರ್ಗದರ್ಶಕನೊಬ್ಬನು ಜೊತೆಗಿದ್ದುದರಿಂದ ಅವರು 23 ದಿನಗಳಲ್ಲಿ ಸಾಗರವನ್ನು ದಾಟಿದ್ದರು. ಹಿಂದಿರುಗುವಾಗ ಅದೇ ಸಾಗರಕ್ಕೆ ಸುಮಾರು ಮೂರು ತಿಂಗಳು ಹಿಡಿಯಿತು. ಗಾಳಿ ಸತ್ತು, ಇಲ್ಲವೆ ಎದುರಾಗಿ, ಹಡಗುಗಳು ನಿಂತಲ್ಲಿ ನಿಂತುವು. ವಸಡು ಊದಿ ಹಲ್ಲು ಸಡಿಲವಾಗುವ ರಕ್ತರೋಗದಿಂದ ಮೂವತ್ತು ಮಂದಿ ಸತ್ತರು. ನಡೆಸಲು ಜನ ಸಾಲದೆ ಒಂದು ಹಡಗನ್ನು ಆಫ್ರಿಕದ ದಡದಲ್ಲಿ ತಾವೇ ಸುಡಬೇಕಾಯಿತು. ಗಾಳಿಯನ್ನು ಬಲ್ಲವನೊಬ್ಬನು ಜೊತೆಗಿದ್ದಾಗಲೂ ಇಲ್ಲದಾಗಲೂ ಆದ ಅಂತರವನ್ನು ದಿನಗಳ ಲೆಕ್ಕದಲ್ಲಿ ತೋರಿಸುವ ಇಂಥ ನಿದರ್ಶನ ಚರಿತ್ರೆಯಲ್ಲಿ ಅಪರೂಪ.

ಮುಂದೆ ಬಂದವರು ಅತಿಥಿಗಳಾಗಿ ಬರಲಿಲ್ಲ. 1505ರ ಸೆಪ್ಟೆಂಬರಿನಲ್ಲಿ ಪೋರ್ಚುಗಲ್ಲಿನ ಮೊದಲನೆಯ ವೈಸರಾಯನಾದ ಫ್ರಾನ್ಸಿಸ್ಕೋ ದ ಅಲ್ಮೇಡನು ಅಂಜದೀವದಲ್ಲಿಳಿದು ಕೋಟೆ ಕಟ್ಟಿಸಲಾರಂಭಿಸಿದನು. ಅಲ್ಲಿಂದ ಹೊನ್ನಾವರಕ್ಕೆ ಹೋಗಿ ಜಗಳ ತೆಗೆದು ಅಲ್ಲಿಯ ಹಡಗುಗಳಿಗೆ ಬೆಂಕಿಯಿಟ್ಟನು. ಮರುವರ್ಷ ಗೋವೆಯ ಕಡೆಯ ನೌಕೆಗಳು ಬಂದು ಕೋಟೆಯನ್ನು ಮುತ್ತಿದುವು. ಮುತ್ತಿಗೆಯನ್ನೇನೋ ತಡೆದುಕೊಂಡರು, ಆದರೆ ಕೂಗಳತೆಯ ದಡವೇ ಹಗೆಯಾದರೆ, ಮಳೆಗಾಲದಲ್ಲಿ ಯಾವ ಹಡಗೂ ಬರಲಾರದ ಬಂಡೆಯ ಮೇಲೆ ಎಷ್ಟು ದಿನ ಇರಲಾದೀತು? ಕಟ್ಟಿ ಎರಡು ವರ್ಷ ತುಂಬುವ ಮೊದಲೇ ಕೋಟೆಯನ್ನು ತಾವೇ ಕೆಡವಿ ತೆರಳಿದರು. ಅದೇ ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರಲ್ಲ, ಅದು ಹೇಗೆ ಸಾಧ್ಯವಾಯಿತು? ಗೋವೆಯ ಸ್ಥಿತಿಗತಿಗಳನ್ನು ತಿಳಿಸಿ ಆಲ್ಬುಕರ್ಕನನ್ನು ಅತ್ತ ತಿರುಗಿಸಿದವನು ಇದೇ ಕರಾವಳಿಯ ನಾವಿಕನಾಯಕ, ಅವರ ಬರಹಗಳಲ್ಲಿ ತಿಮೋಜನೆಂದು ಕರೆಸಿಕೊಳ್ಳುವ ಹೊನ್ನಾವರದವನು. ಸ್ಥಳೀಯರ ನೆರವು ಯಾವಾಗಲೂ ಸ್ಥಳಕ್ಕೆ ಹಿತವಾಗಿಯೇ ಮುಗಿಯುತ್ತದೆಂದು ನಾನು ಹೇಳಲಾರೆ. ಬಾಗಿಲನ್ನು ತೆರೆಯುವ ಕೀಲಿ ಮಾತ್ರ ಅವರ ಕೈಯಲ್ಲಿಯೇ ಇರುತ್ತದೆ.

ಎಲ್ಲಕ್ಕಿಂತ ಕರುಣಾಜನಕವಾದ ಕಥೆ ಇಂಗ್ಲಿಷರದು. 1661ರ ವಿವಾಹದ ಒಪ್ಪಂದದಂತೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಮುಂಬಯಿಯು ಇಮ್ಮಡಿ ಚಾರ್ಲ್ಸ್ ದೊರೆಗೆ ಸಲ್ಲಬೇಕಾಗಿತ್ತು. ಅದನ್ನು ವಹಿಸಿಕೊಳ್ಳಲು ಸರ್ ಏಬ್ರಹಾಂ ಷಿಪ್‌ಮನ್ನನು ಸುಮಾರು ನಾನೂರು ಸಿಪಾಯಿಗಳೊಡನೆ 1662ರಲ್ಲಿ ಬಂದನು. ಪೋರ್ಚುಗೀಸ್ ವೈಸರಾಯನು ಕಾಗದಪತ್ರಗಳಲ್ಲಿ ಕೊರತೆಯನ್ನೆತ್ತಿ ಮುಂಬಯಿಯನ್ನು ಕೊಡಲಿಲ್ಲ. ಸೂರತ್ತಿನಲ್ಲಿಳಿಯೋಣವೆಂದರೆ ಮೊಗಲ್ ಅಧಿಕಾರಿಗಳು ಮುನಿದಾರೆಂದು ಇಂಗ್ಲಿಷ್ ಕಂಪೆನಿಯ ವರ್ತಕರೇ ಬೇಡವೆಂದರು. ಯಾರಿಗೂ ಬೇಡವಾದ ಈ ಪಡೆ ಕೊನೆಗೆ ಅಂಜದೀವದಲ್ಲಿಳಿಯಿತು. ನಾಲ್ಕು ಹಡಗಿನವರಿಗೆ ಕೆಲವು ವಾರ ಸಾಕಾಗುವ ನೆಲ ನಾನೂರು ಮಂದಿಗೆ ವರ್ಷಗಟ್ಟಲೆ ಸಾಲುವುದುಂಟೆ? ಜ್ವರ, ಸೆಕೆ, ಕೆಟ್ಟ ಆಹಾರ, ಎರಡು ಮುಂಗಾರುಗಳ ಮಳೆ. 1664ರ ಏಪ್ರಿಲಿನಲ್ಲಿ ಷಿಪ್‌ಮನ್ನನೂ ಅಲ್ಲಿಯೇ ತೀರಿಕೊಂಡನು. 1665ರಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ಕನು ಮುಂಬಯಿಯನ್ನು ವಹಿಸಿಕೊಂಡಾಗ ಆ ಪಡೆಯಲ್ಲಿ ಬದುಕಿ ಉಳಿದಿದ್ದವರು ನೂರರ ಆಸುಪಾಸು. ಬಂದೂಕಿಗೆ ಕೆಲಸವೇ ಇಲ್ಲದೆ ಮುನ್ನೂರು ಜನ ಮಣ್ಣಾದರು. ಕರೆದವರಿಲ್ಲ, ಆಚೆ ದಡಕ್ಕೆ ಹೋಗುವ ಹಕ್ಕಿಲ್ಲ. ಇದ್ದುದು ರಾಜಮುದ್ರೆಯೊತ್ತಿದ ಒಂದು ಪತ್ರ.

1682ರಲ್ಲಿ, ಸಂಭಾಜಿಯ ಭಯದಿಂದ, ಪೋರ್ಚುಗೀಸರು ಮತ್ತೆ ದ್ವೀಪದಲ್ಲಿ ಕೋಟೆ ಕಟ್ಟಿದರು. ಈ ಸಲ ಅದು ನಿಂತಿತು. ಅಲ್ಲಿಯ ಇಗರ್ಜಿಯ ಹೆಸರಿಗೆ ಚಿಲುಮೆಗಳ ಮಾತೆಯೆಂದು ಅರ್ಥ ಹೇಳುತ್ತಾರೆ. ಅದರ ಹಬ್ಬಕ್ಕೆ ಕಾರವಾರ ಗೋವೆಗಳ ಕ್ರೈಸ್ತರು ದೋಣಿಗಳಲ್ಲಿ ಹೋಗುವ ಪದ್ಧತಿ ಬಹುಕಾಲ ನಡೆದುಬಂದಿತು. ಕೋಟೆಗೂ ದಡಕ್ಕೂ ಹಗೆಯಿದ್ದ ದಿನಗಳಲ್ಲಿಯೂ ಇಗರ್ಜಿಗೂ ದಡಕ್ಕೂ ನೆಂಟಸ್ತನವಿತ್ತು. ಕಡೆಯ ಕಾಳಗ 1961ರ ಡಿಸೆಂಬರಿನದು. ಗೋವೆಯ ವಿಮೋಚನೆಯ ಸಂದರ್ಭದಲ್ಲಿ ‘ತ್ರಿಶೂಲ’ವೂ, ನಮ್ಮ ನಾಡಿನ ಹೆಸರನ್ನೇ ಹೊತ್ತ ‘ಮೈಸೂರು’ ಎಂಬ ನೌಕೆಯೂ ಅಲ್ಲಿಗೆ ಹೋದುವು. ಬಿಳಿಯ ಬಾವುಟವನ್ನು ನಂಬಿ ಇಳಿದವರ ಮೇಲೆ ಗುಂಡು ಹಾರಿ, ಏಳು ಮಂದಿ ಭಾರತೀಯ ನಾವಿಕರು ಪ್ರಾಣವನ್ನಿತ್ತರು. ಈಗ ದ್ವೀಪವು ಕಾರವಾರದ ನೌಕಾನೆಲೆಯ ವಶದಲ್ಲಿದೆ. ಅಲೆಗಳನ್ನು ತಡೆಯಲು ಕಟ್ಟಿದ ಕಲ್ಲಿನ ಒಡ್ಡು ಅದನ್ನು ನೆಲಕ್ಕೆ ಸೇರಿಸಿಬಿಟ್ಟಿದೆ. ಸಾರ್ವಜನಿಕರು ಅಲ್ಲಿಗೆ ಸ್ವಚ್ಛಂದವಾಗಿ ಹೋಗುವಂತಿಲ್ಲ.

ಇಷ್ಟನ್ನೂ ಕೇಳಿದ ಮೇಲೆ ಶ್ರೋತೃಗಳಿಗೆ ಒಂದು ವಿಷಯ ತಾನಾಗಿ ಹೊಳೆದಿರಬಹುದು. ನಾನು ಹೇಳಿದ ಕಥೆಯಲ್ಲಿ ದೂರದಿಂದ ಬಂದ ನಾಯಕರಿಗೆಲ್ಲ ಹೆಸರಿದೆ. ಕೊಳವನ್ನು ಕಟ್ಟಿಸಿದವರಿಗೆ, ತೆಂಗಿನಕಾಯಿ ಕೊಟ್ಟ ಜೋಗಿಗೆ, ಹಾಲು ತಂದವರಿಗೆ, ಗುಡ್ಡಗಳ ನಡುವೆ ನೀರನ್ನು ತೋರಿಸಿದ ಆ ಹುಡುಗನಿಗೆ ಹೆಸರಿಲ್ಲ. ದಿನಚರಿ ಬರೆದವನು ಅವನಿಗೆ ಕೊಟ್ಟ ಟೊಪ್ಪಿಗೆಯನ್ನು ಮರೆಯದೆ ಬರೆದಿದ್ದಾನೆ. ಅವನು ಯಾವ ಮತದವನೆಂದು ಕೇಳಿದುದನ್ನು ಬರೆದಿದ್ದಾನೆ. ನಿನ್ನ ಹೆಸರೇನಪ್ಪಾ ಎಂದು ಕೇಳಿದುದು ಮಾತ್ರ ಎಲ್ಲಿಯೂ ಬಂದಿಲ್ಲ. ಆ ದಿನ ಅವನು ಬೇರೊಂದು ಕಡೆಗೆ ಕೈತೋರಿಸಿದ್ದರೆ ಆ ಹಡಗುಗಳ ಗತಿ ಏನಾಗುತ್ತಿತ್ತೆಂಬ ಊಹೆಗೆ ನಾನು ಹೋಗುವುದಿಲ್ಲ. ಬಾಯಾರಿ ಬಂದವರಿಗೆ ನೀರನ್ನು ತೋರಿಸುವುದು ನಮ್ಮ ಜನರಿಗೆ ಎಣಿಕೆ ಹಾಕಿ ಮಾಡುವ ಕೆಲಸವಾಗಿರಲಿಲ್ಲ. ಹೆದ್ದಾರಿಗಳಲ್ಲಿ ಅರವಟ್ಟಿಗೆಯಿಟ್ಟವರೂ ಹೆಸರು ಕೆತ್ತಿಸಿದುದು ಕಡಿಮೆ.

ಆದರೆ ನೀರು ಕುಡಿದವರ ಕರ್ತವ್ಯ ಬೇರೆ. ಚರಿತ್ರೆಯನ್ನು ಓದುವಾಗ, ಹೊಸ ಜಾಗದಲ್ಲಿ ನೆಲೆಗೊಳ್ಳುವಾಗ, ಮೊದಲು ದಾರಿ ತೋರಿಸಿದವನು ಯಾರೆಂದು ಒಮ್ಮೆ ಹಿಂದಿರುಗಿ ನೋಡಿ ಅವನ ಹೆಸರನ್ನು ಕೇಳಿಟ್ಟುಕೊಂಡರೆ, ಐನೂರು ವರ್ಷಗಳ ಹಿಂದೆ ಅಂಜದೀವದ ಎದುರು ದಡದಲ್ಲಿ ಉಳಿದುಹೋದ ಬಾಕಿಯಲ್ಲಿ ಕಿಂಚಿತ್ತಾದರೂ ತೀರಿದಂತಾದೀತು.