ಬಳ್ಳಿಗಾವೆಯ ಭೈಷಜ್ಯದಾನವೂ ರಸಾಯನವಿಚಾರವೂ

ಮುಪ್ಪನ್ನು ತಡೆಯುವ, ಅಥವಾ ಅದನ್ನು ನಿರಾಮಯವಾಗಿ ಕಳೆಯುವಂತೆ ಮಾಡುವ ದ್ರವ್ಯವೊಂದುಂಟೆ ಎಂಬ ಪ್ರಶ್ನೆಯು ನಮ್ಮ ವೈದ್ಯಶಾಸ್ತ್ರದಷ್ಟೇ ಪುರಾತನವಾದುದು. ಆಯುರ್ವೇದದ 8 ಅಂಗಗಳಲ್ಲಿ ರಸಾಯನತಂತ್ರವು ಒಂದು. ವಾಗ್ಭಟನು ಇದನ್ನೇ ‘ಜರಾ’ ಎಂಬ ಹೆಸರಿನಿಂದ ಎಣಿಸಿರುವನು. ಇಂದು ವಿಟಮಿನ್ ಮಾತ್ರೆ, ಆಂಟಿಆಕ್ಸಿಡೆಂಟ್ ಗುಳಿಗೆ ಎಂದು ಅಂಗಡಿಗಳಲ್ಲಿ ವಿಕ್ರಯವಾಗುತ್ತಿರುವ ಪದಾರ್ಥಗಳು ಆ ಹಳೆಯ ಆಸೆಯ ಹೊಸ ರೂಪಗಳೇ ಆಗಿವೆ. ಈ ವಿಷಯದಲ್ಲಿ ಶಿಕಾರಿಪುರ ಮತ್ತು ಸೊರಬ ಸೀಮೆಗಳ ಶಾಸನಗಳೂ ಸಂಪ್ರದಾಯಗಳೂ ಏನನ್ನು ತಿಳಿಸುತ್ತವೆ, ಇಂದಿನ ವೈದ್ಯಪರೀಕ್ಷೆಗಳೊಡನೆ ಅವನ್ನು ಹೋಲಿಸಿದರೆ ಯಾವ ಅಭಿಪ್ರಾಯಕ್ಕೆ ಬರಬಹುದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

1

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಬನವಾಸಿ ನಾಡಿನ ರಾಜಧಾನಿಯಾಗಿ ಮೆರೆದ ಪಟ್ಟಣ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಆಚಾರ್ಯರ ಪ್ರಸಿದ್ಧ ವಿದ್ಯಾಸ್ಥಾನವಾಗಿದ್ದಿತು. ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಪ್ರಕಟಿಸಿದ ಶಿಕಾರಿಪುರದ 102ನೆಯ ಶಾಸನವು ಕಳಚುರಿ ಬಿಜ್ಜಳನ ಕಾಲದ್ದು, ಕ್ರಿ. ಶ. 1162ಕ್ಕೆ ಸೇರಿದುದು. ಇದರಲ್ಲಿ ಮಠದ ವರ್ಣನೆಯು ದೀರ್ಘವಾಗಿ ಬಂದಿದೆ. ಅಲ್ಲಿ ನಾಲ್ಕು ವೇದಗಳ ಅಧ್ಯಯನ ನಡೆಯುತ್ತಿದ್ದಿತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೂ ಷಡ್ದರ್ಶನಗಳಿಗೂ ವ್ಯಾಖ್ಯಾನ ನಡೆಯುತ್ತಿದ್ದಿತು. ಈ ಭಾಗವನ್ನು ನಮ್ಮ ಇತಿಹಾಸಕಾರರು ಅನೇಕವೇಳೆ ಉದಾಹರಿಸಿರುವರು. ಆದರೆ ಅದರ ಮುಂದಿನ ಮಾತುಗಳು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುವು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೂ ಹಾಡುವವರಿಗೂ ನಾನಾ ಮತದ ಭಿಕ್ಷುಗಳಿಗೂ ಅನ್ನವೀಯುವ ಸ್ಥಾನವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದೂ, ಸಕಲ ಪ್ರಾಣಿಗಳಿಗೂ ಅಭಯವನ್ನೀಯುವ ಸ್ಥಾನವೆಂದೂ ಶಾಸನವು ಆ ಮಠವನ್ನು ಕೊಂಡಾಡುತ್ತದೆ.

ಈ ಒಂದು ವಾಕ್ಯವನ್ನು ಆಧರಿಸಿ ಬಳ್ಳಿಗಾವೆಯಲ್ಲಿ ಇಂದಿನ ಅರ್ಥದ ಆಸ್ಪತ್ರೆಯೊಂದಿದ್ದಿತೆಂದು ಹೇಳುವುದು ಅತಿಶಯವಾದೀತು. ವೈದ್ಯರ ಹೆಸರಾಗಲಿ ಔಷಧಗಳ ಪಟ್ಟಿಯಾಗಲಿ ಅದರಲ್ಲಿಲ್ಲ; ರಸಾಯನದ ಪ್ರಸ್ತಾಪವೂ ಇಲ್ಲ. ಗಮನಿಸಬೇಕಾದುದು ಕ್ರಮವನ್ನು. ವಿದ್ಯೆ, ಅನ್ನ, ಔಷಧ, ಅಭಯ ಈ ನಾಲ್ಕೂ ಒಂದೇ ಸೂರಿನ ಕೆಳಗೆ ದೊರೆಯುತ್ತಿದ್ದುವು. ಜೈನರು ಹೇಳುವ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳೂ ಇವೇ ಆಗಿವೆ. ಮತಭೇದವಿದ್ದರೂ ಧರ್ಮದ ಕಲ್ಪನೆಯು ಈ ನಾಡಿನಲ್ಲಿ ಒಂದೇ ಆಗಿದ್ದಿತೆಂದು ಇದರಿಂದ ತಿಳಿಯಬಹುದು. ಔಷಧವನ್ನು ಅನ್ನದಿಂದಲೂ ಆರೈಕೆಯಿಂದಲೂ ಬೇರ್ಪಡಿಸಿ ಯಾರೂ ಎಣಿಸುತ್ತಿರಲಿಲ್ಲ.

ಸೊರಬ ಸೀಮೆಯು ಇದಕ್ಕೆ ಮತ್ತೊಂದು ಮುಖವನ್ನು ತೋರಿಸುತ್ತದೆ. ಅಲ್ಲಿಯ ಹಿರೇಆವಲಿಯಲ್ಲಿ ಅನೇಕ ನಿಷಿಧಿಗಲ್ಲುಗಳು ಉಳಿದಿವೆ. ಆಯುಸ್ಸು ಮುಗಿಯುತ್ತ ಬಂದಾಗ ಆಹಾರವನ್ನು ಕ್ರಮವಾಗಿ ತ್ಯಜಿಸಿ ಸಮಾಧಿವಿಧಿಯಿಂದ ಮುಡಿಪಿದ ಶ್ರಾವಕ ಶ್ರಾವಕಿಯರ ನೆನಪಿಗೆ ನೆಟ್ಟ ಕಲ್ಲುಗಳಿವು. ಭೈಷಜ್ಯದಾನವನ್ನು ಪುಣ್ಯವೆಂದ ಮತವೇ, ಔಷಧವು ನಿಲ್ಲಬೇಕಾದ ಎಲ್ಲೆಯೊಂದುಂಟೆಂಬುದನ್ನೂ ಒಪ್ಪಿದ್ದಿತು.

2

ಆ ಕಾಲದ ವೈದ್ಯಗ್ರಂಥಗಳು ರಸಾಯನವನ್ನು ಹೇಗೆ ತಿಳಿದಿದ್ದುವು ಎಂಬುದನ್ನು ಇನ್ನು ನೋಡಬೇಕು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ಬರೆದನು. ಪೂಜ್ಯಪಾದರ ಗ್ರಂಥವನ್ನನುಸರಿಸಿ ಜಗದ್ದಳ ಸೋಮನಾಥನು ಸುಮಾರು 1150ರಲ್ಲಿ, ಎಂದರೆ ಕೋಡಿಯಮಠದ ಶಾಸನಕ್ಕೆ ಸ್ವಲ್ಪ ಮುಂಚೆ, ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡದಲ್ಲಿ ರಚಿಸಿದನು. ಮದ್ಯಮಾಂಸಗಳ ಸಂಪರ್ಕವಿಲ್ಲದ ಚಿಕಿತ್ಸೆಯೇ ಈ ಜೈನವೈದ್ಯದ ವಿಶೇಷ. ಇವೆಲ್ಲಕ್ಕೂ ಹಿನ್ನೆಲೆಯಾಗಿ ನಿಂತಿರುವುದು ಚರಕ ಸುಶ್ರುತರ ಸಂಹಿತೆಗಳು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯವೇ ರಸಾಯನಾಧ್ಯಾಯ. ಅದರ 4 ಪಾದಗಳಲ್ಲಿ ಮೊದಲನೆಯದಕ್ಕೆ ಅಳಲೆ ನೆಲ್ಲಿಗಳ ಹೆಸರೇ ಇಟ್ಟಿದೆ. ಚ್ಯವನಪ್ರಾಶವು ಬರುವುದು ಇಲ್ಲಿಯೇ. ಆದರೆ ಇದೇ ಅಧ್ಯಾಯದ ಕೊನೆಯ ಪಾದದಲ್ಲಿ ಆಚಾರರಸಾಯನವೆಂಬುದೊಂದುಂಟು. ಸತ್ಯ, ಅಕ್ರೋಧ, ಮಿತವಾದ ನಿದ್ರೆ ಜಾಗರಗಳು, ಹಾಲು ತುಪ್ಪಗಳ ಸೇವನೆ, ಹಿರಿಯರ ಸೇವೆ, ಇವನ್ನು ಅನುಸರಿಸುವವನು ನಿತ್ಯವೂ ರಸಾಯನವನ್ನು ಸೇವಿಸಿದಂತೆಯೇ ಎಂಬುದು ಅದರ ತಾತ್ಪರ್ಯ. ಸುಶ್ರುತನು ಇನ್ನೂ ಎಚ್ಚರಿಕೆಯಿಂದ ಮಾತನಾಡುವನು. ರಸಾಯನವನ್ನು ಮೊದಲ ವಯಸ್ಸಿನಲ್ಲಿ ಅಥವಾ ನಡುವಯಸ್ಸಿನಲ್ಲಿ ಕೊಡತಕ್ಕದ್ದು. ಶೋಧನೆಯಾಗದ ದೇಹದಲ್ಲಿ ಅದು, ಕೊಳೆಯಾದ ಬಟ್ಟೆಗೆ ಹಾಕಿದ ಬಣ್ಣದಂತೆ, ಹಿಡಿಯಲಾರದು. ಮುಪ್ಪು ಬಂದ ಮೇಲೆ ನುಂಗಿ ಅದನ್ನು ಹಿಂದಕ್ಕೆ ತಿರುಗಿಸುವ ಗುಳಿಗೆಯೆಂಬ ಅರ್ಥವು ಇಲ್ಲಿ ಪ್ರಧಾನವಲ್ಲ. ಫಲಶ್ರುತಿಗಳಲ್ಲಿ ನೂರಾರು ವರ್ಷಗಳ ಆಯುಸ್ಸನ್ನು ಹೇಳಿರುವುದು ನಿಜ. ಆದರೆ ಫಲಶ್ರುತಿಯು ಪ್ರಶಂಸೆ. ಅದನ್ನು ಪರೀಕ್ಷೆಯ ವರದಿಯಂತೆ ಓದಕೂಡದು.

3

ಕಾಯವನ್ನೇ ಅಜರಾಮರವಾಗಿ ಮಾಡಬೇಕೆಂಬ ಮತವು ಬೇರೊಂದು ಮಾರ್ಗದಲ್ಲಿ, ಎಂದರೆ ಪಾದರಸವನ್ನೂ ಯೋಗವನ್ನೂ ಆಶ್ರಯಿಸಿದ ಸಿದ್ಧರಲ್ಲಿ, ಬೆಳೆಯಿತು. ಈ ಮತಕ್ಕೆ ಕನ್ನಡದಲ್ಲಿ ದೊರೆತ ಅತಿ ಗಂಭೀರವಾದ ಉತ್ತರವು ಬಳ್ಳಿಗಾವೆಯವನೊಬ್ಬನ ಹೆಸರಿನಲ್ಲಿಯೇ ಇರುವುದು. ಹರಿಹರನ ರಗಳೆಯಂತೆ ಅಲ್ಲಮಪ್ರಭುವು ಬಳ್ಳಿಗಾವೆಯವನು. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯೂ ‘ಶೂನ್ಯಸಂಪಾದನೆ’ಗಳೂ ಅವನಿಗೂ ಗೋರಕ್ಷನಿಗೂ ನಡೆದ ಪ್ರಸಂಗವನ್ನು ಹೇಳುತ್ತವೆ. ಗೋರಕ್ಷನು ಕಾಯಸಿದ್ಧಿಯಿಂದ ವಜ್ರದೇಹವನ್ನು ಪಡೆದಿದ್ದನು. ಕತ್ತಿಯಿಂದ ಹೊಡೆದರೆ ಮೈ ಸೀಳಲಿಲ್ಲ, ಖಣಿಲೆಂದು ದನಿಗೈದಿತು. ಅದೇ ಕತ್ತಿಯಿಂದ ಅವನು ಪ್ರಭುವನ್ನು ಹೊಡೆಯಲು ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಗ್ರಂಥಗಳು 15ನೆಯ ಶತಮಾನದವಾದುದರಿಂದ ಇದನ್ನು 12ನೆಯ ಶತಮಾನದ ಘಟನೆಯೆಂದು ಗ್ರಹಿಸಲಾಗದು. ಆದರೆ ಕಾಯವನ್ನು ಗಟ್ಟಿಮಾಡಿಕೊಳ್ಳುವುದೇ ಸಿದ್ಧಿಯೆಂಬುದನ್ನು ಈ ನಾಡಿನ ವಿಚಾರವಂತರು ಒಪ್ಪಲಿಲ್ಲವೆಂಬುದಕ್ಕೆ ಇದು ಬಲವಾದ ಸಾಕ್ಷಿ.

4

ಈಗ ನಮ್ಮ ಕಾಲಕ್ಕೆ ಬರೋಣ. 1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ಎಂಬ ವಿಜ್ಞಾನಿಯು, ದೇಹದಲ್ಲಿ ಆಮ್ಲಜನಕದ ವ್ಯಾಪಾರದಿಂದ ಹುಟ್ಟುವ ಚಂಚಲ ಕಣಗಳು ಜೀವಕೋಶಗಳನ್ನು ಕೆಡಿಸುವುದೇ ಮುಪ್ಪಿಗೆ ಕಾರಣವೆಂದು ವಾದಿಸಿದನು. ಹಣ್ಣು ಸೊಪ್ಪುಗಳಲ್ಲಿ ಈ ಕಣಗಳನ್ನು ತಣಿಸುವ ದ್ರವ್ಯಗಳುಂಟು, ಇವೇ ಆಂಟಿಆಕ್ಸಿಡೆಂಟುಗಳು. ಅವನ್ನು ಬೇರ್ಪಡಿಸಿ ಮಾತ್ರೆಯಾಗಿ ಕೊಟ್ಟರೆ ಆರೋಗ್ಯವು ವೃದ್ಧಿಯಾಗಬೇಕೆಂಬ ಊಹೆಯು ಇದರಿಂದ ಹುಟ್ಟಿತು.

ಪರೀಕ್ಷೆಗಳು ಬೇರೆ ಉತ್ತರವನ್ನು ಕೊಟ್ಟುವು. ಫಿನ್‌ಲೆಂಡಿನಲ್ಲಿ ಧೂಮಪಾನಮಾಡುವ 29,133 ಪುರುಷರ ಮೇಲೆ ನಡೆದ ಪರೀಕ್ಷೆಯ ಫಲವು 1994ರಲ್ಲಿ ಪ್ರಕಟವಾಯಿತು. ಬೀಟಾ ಕ್ಯಾರೊಟೀನನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ತಗ್ಗುವ ಬದಲು ಶೇಕಡ 18ರಷ್ಟು ಹೆಚ್ಚಿದ್ದಿತು. ಅಮೆರಿಕದಲ್ಲಿ 18,314 ಜನರ ಮೇಲೆ ನಡೆಯುತ್ತಿದ್ದ ಇಂತಹುದೇ ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. 68 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2007ರಲ್ಲಿ ಮಾಡಿದ ವಿಮರ್ಶೆಯು ಈ ಮಾತ್ರೆಗಳಿಂದ ಆಯುಸ್ಸು ಹೆಚ್ಚುವುದನ್ನು ಕಾಣಲಿಲ್ಲ. ಅದರಲ್ಲಿನ ಉತ್ತಮ ಪರೀಕ್ಷೆಗಳಲ್ಲಿ ಬೀಟಾ ಕ್ಯಾರೊಟೀನ್, ವಿಟಮಿನ್ ಎ, ವಿಟಮಿನ್ ಇ ಇವುಗಳ ಸೇವನೆಯಿಂದ ಮರಣವು ಸ್ವಲ್ಪ ಹೆಚ್ಚಿದಂತೆಯೇ ಕಂಡಿತು. ಪೂರಕಗಳೆಲ್ಲವೂ ವ್ಯರ್ಥವೆಂದು ಇದರ ಅರ್ಥವಲ್ಲ. ಮುಪ್ಪಿನಲ್ಲಿ ವಿಟಮಿನ್ ಬಿ 12ರ ಕೊರತೆಯುಳ್ಳವರಿಗೆ ಅದನ್ನು ಕೊಡುವುದು ನಿಶ್ಚಯವಾದ ಚಿಕಿತ್ಸೆ. ಅಕ್ಷಿಪಟಲದ ಒಂದು ಬಗೆಯ ವ್ಯಾಧಿಯು ಮುಂದುವರಿಯುವುದನ್ನು ಕೆಲವು ಪೂರಕಗಳು ತಡಮಾಡುವುವೆಂದು 2001ರಲ್ಲಿ ಸಿದ್ಧವಾಯಿತು. ಎಂದರೆ, ರೋಗವನ್ನರಿತು ಕೊಟ್ಟಾಗ ಅದು ಔಷಧ. ಅರಿಯದೆ ನುಂಗಿದಾಗ ಅದು ಕೇವಲ ಆಸೆ.

ಈ ಪರೀಕ್ಷೆಗಳು ನೆಲ್ಲಿಯನ್ನಾಗಲಿ ಚ್ಯವನಪ್ರಾಶವನ್ನಾಗಲಿ ಕುರಿತವಲ್ಲ. ಅವನ್ನು ಅಲ್ಲಗಳೆಯಲು ಇವು ಸಾಲವು. ಆದರೆ ಆಂಟಿಆಕ್ಸಿಡೆಂಟ್ ಉಂಟೆಂಬ ಮಾತ್ರದಿಂದಲೇ ಒಂದು ಲೇಹವು ಮುಪ್ಪನ್ನು ತಡೆಯುವುದೆಂಬ ಜಾಹೀರಾತಿನ ತರ್ಕವು ಇನ್ನು ನಿಲ್ಲಲಾರದು. ಪುರಾತನವೆಂಬ ಹೆಸರೂ ಸಾಲದು. ಬಾಸ್ಟನ್ ನಗರದಲ್ಲಿ ಮಾರಾಟವಾಗುತ್ತಿದ್ದ 70 ಆಯುರ್ವೇದೀಯ ಔಷಧಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಇದ್ದುವೆಂದು 2004ರಲ್ಲಿ ಪ್ರಕಟವಾಯಿತು. ಗೋರಕ್ಷನ ವಜ್ರದೇಹದ ಆಸೆಯಿಂದ ಬಂದ ಅಪಾಯವು ಹೀಗೆ ಇಂದಿಗೂ ಉಳಿದಿದೆ.

5

ಇದುವರೆಗೆ ಹೇಳಿದುದರಿಂದ ಈ ಸೀಮೆಯಲ್ಲಿ ಎರಡು ಮಾರ್ಗಗಳು ಇದ್ದುವೆಂದು ತೋರುತ್ತದೆ. ಒಂದು, ದ್ರವ್ಯದಿಂದ ದೇಹವನ್ನು ಗೆಲ್ಲುವುದು. ಮತ್ತೊಂದು, ಅನ್ನ, ಔಷಧ, ಅಭಯಗಳಿಂದ ದೇಹಿಯನ್ನು ಪಾಲಿಸುವುದು. ಇಂದಿನ ಪರೀಕ್ಷೆಗಳು ಎರಡನೆಯದರ ಕಡೆಗೇ ವಾಲುತ್ತಿವೆ. ಸೊರಬದ ಮಲೆನಾಡಿನ ಮನೆಗಳಲ್ಲಿ ಒಂದೆಲಗದ ತಂಬುಳಿಯೂ ನೆಲ್ಲಿಯ ತಂಬುಳಿಯೂ ಅನ್ನದೊಡನೆ ಬಡಿಸಲ್ಪಡುತ್ತವೆ. ಅವು ಊಟದ ಭಾಗಗಳು, ಊಟಕ್ಕೆ ಬದಲಾದ ಮಾತ್ರೆಗಳಲ್ಲ. ವೃದ್ಧರಿಗೆ ಬೇಕಾದುದು ಹಿತವಾದ ಊಟ, ಕೊರತೆಯನ್ನರಿತು ಕೊಡುವ ಔಷಧ, ಕೈಬಿಡದ ಜನ ಇವು. ಇವಿಲ್ಲದ ಮನೆಯಲ್ಲಿ ಬೆಲೆಯುಳ್ಳ ಗುಳಿಗೆಯ ಸೀಸೆಯೊಂದನ್ನು ಮುದುಕರ ತಲೆದೆಸೆಯಲ್ಲಿಟ್ಟು ಕರ್ತವ್ಯವು ಮುಗಿಯಿತೆಂದು ತಿಳಿಯುವುದು ಸಲ್ಲದು. ಕೋಡಿಯಮಠದ ಶಾಸನವು ಔಷಧವನ್ನು ಅನ್ನಕ್ಕೂ ಅಭಯಕ್ಕೂ ನಡುವೆ ಇಟ್ಟು ಎಣಿಸಿತು. ಆ ಸ್ಥಾನವೇ ಅದಕ್ಕೆ ಯೋಗ್ಯವಾದುದೆಂದು ನಮಗೆ ತೋರುತ್ತದೆ.